ಬಂಡೆಯ ಮೇಲಿನ ಬಿಳಿ ಟವಲ್

ನಾನು ಟವಲ್ ಬೀಸಿದೆನೋ ಇಲ್ಲವೋ, ಇಂದಿಗೂ ಖಚಿತವಾಗಿ ಹೇಳಲಾರೆ. ಬೀಸಿದಂತೆ ನೆನಪಿದೆ. ಆದರೆ ಆ ಮಧ್ಯಾಹ್ನವನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆಂದರೆ, ಈ ನೆನಪು ಕಂಡದ್ದೋ ಆಮೇಲೆ ಕಟ್ಟಿಕೊಂಡದ್ದೋ ಗೊತ್ತಾಗುವುದಿಲ್ಲ. ವರ್ಷವೂ ಅಷ್ಟೆ, ಎಪ್ಪತ್ತೇಳೋ ಎಪ್ಪತ್ತೆಂಟೋ.

ದಸರಾ ರಜೆ. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ನಾವು ಮೂವರು ಕೋಲಾರದಿಂದ ನಡೆದೇ ಹೊರಟಿದ್ದೆವು. ಸುಗಟೂರು, ಹೋಳೂರು ದಾಟಿ ಶ್ರೀನಿವಾಸಪುರ, ಅಲ್ಲಿಂದ ಗುಡ್ಡಗಳ ಮೇಲೇ ಮುಳಬಾಗಿಲು, ಕೊನೆಗೆ ಆವನಿ. ನಕ್ಷೆ ನನ್ನ ಕೈಯಲ್ಲಿತ್ತು. ಒಬ್ಬ ಗೆಳೆಯ ಕಾನೂನು ಓದುತ್ತಿದ್ದ, ಬಾಯಿ ಜೋರು. ಇನ್ನೊಬ್ಬ ಮಾಲೂರಿನ ಕಡೆಯ ರೈತರ ಮಗ, ಹಾಸ್ಟೆಲಿನಲ್ಲಿ ನನ್ನ ರೂಮಿನವನು.

ಶ್ರೀನಿವಾಸಪುರ ಬಿಟ್ಟ ಮಾರನೆಯ ದಿನ ಒಂದು ಬೋಳು ಗುಡ್ಡದ ಮೇಲೆ ನೀರು ಮುಗಿಯಿತು. ಕಾನೂನಿನವನ ಕಾಲಲ್ಲಿ ಬೊಬ್ಬೆ ಎದ್ದಿತ್ತು. ಬಂಡೆಯ ನೆರಳಲ್ಲಿ ಚಪ್ಪಲಿ ಬಿಚ್ಚಿ ಕೂತ. ನಾನು ನಕ್ಷೆಯಲ್ಲಿ ಕೆರೆ ಹುಡುಕುತ್ತಿದ್ದೆ.

"ಏನ್ಲಾ, ನಕ್ಷೆ ಹಿಂಡಿದ್ರೆ ನೀರು ಬರುತ್ತಾ?" ಎಂದ ಮಾಲೂರಿನವನು. "ಕೆಳಗೆ ದೊಣೆ ಇದ್ದಂಗದೆ, ತರ್ತೀನಿ. ಅಷ್ಟರಲ್ಲಿ ವಕೀಲರ ಕಾಲು ಒತ್ತು."

ಬಂಡೆಗಳ ನಡುವೆ ಮಳೆನೀರು ನಿಲ್ಲುವ ಆ ಗುಂಡಿಗೆ, ಮೂರು ಬಾಟ್ಲಿಗಳನ್ನು ಹೆಗಲಿಗೆ ಹಾಕಿಕೊಂಡು ಅವನು ಇಳಿದುಹೋದ.

ನಾನು ಬಂಡೆಯ ಮೇಲೆ ನಿಂತಿದ್ದೆ. ಎದುರಿನ ಗುಡ್ಡದ ಅಂಚಿನಲ್ಲಿ ಒಬ್ಬ ಮನುಷ್ಯ ಕೆಂಪು ಬಟ್ಟೆ ಬೀಸಿದ. ಬೆಳಗಿನಿಂದ ಒಂದು ನರಪಿಳ್ಳೆಯನ್ನೂ ಕಂಡಿರಲಿಲ್ಲ. ಖುಷಿಯಾಯಿತು. ಕತ್ತಿನಲ್ಲಿದ್ದ ಬಿಳಿ ಟವಲ್ ತೆಗೆದು ನಾನೂ ಬೀಸಿದೆ. ಬೀಸಿದೆ ಎಂದುಕೊಂಡಿದ್ದೇನೆ. ಅವನು ತಟ್ಟನೆ ಮರೆಯಾದ. ಆಮೇಲೆ ಕಬ್ಬಿಣದ ತಗಡನ್ನು ಬಡಿಯುವ ಸದ್ದು ಬಂತು.

ಕಾನೂನಿನವನು ತಲೆಯೆತ್ತಿದ. "ಲೇ, ಕಲ್ಲು ಒಡೆಯೋರು ಕಣೋ. ಮದ್ದು ಇಟ್ಟಿದ್ದಾರೆ."

ಕಲ್ಲಿನ ಕ್ವಾರಿ ಎದುರಿಗಿತ್ತು. ದೊಣೆ ನಮಗೂ ಅದಕ್ಕೂ ನಡುವೆ, ತಗ್ಗಿನಲ್ಲಿ. ಇಬ್ಬರೂ ಮಾಲೂರಿನವನ ಹೆಸರು ಹಿಡಿದು ಕೂಗಿದೆವು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಬತ್ತಿ ಎಷ್ಟು ಹೊತ್ತು ಉರಿಯುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನಾನು ಎರಡು ಹೆಜ್ಜೆ ಇಳಿದೆ, ಮತ್ತೆ ಇಳಿಯಲಾಗಲಿಲ್ಲ. ಇದು ಮಾತ್ರ ಸರಿಯಾಗಿ ನೆನಪಿದೆ: ಅವನ ತಾಯಿಗೆ ಏನು ಹೇಳಬೇಕು ಎಂದು ಆಗಲೇ ವಾಕ್ಯ ಜೋಡಿಸುತ್ತಿದ್ದೆ.

ಮದ್ದು ಸಿಡಿಯಿತು. ಕಾಲ ಕೆಳಗಿನ ಬಂಡೆ ಅದುರಿತು. ಕಲ್ಲುಗಳು ತಗ್ಗಿನೊಳಕ್ಕೆ ಉದುರುತ್ತಲೇ ಇದ್ದವು. ನೀರಿಗೆ ಬಿದ್ದದ್ದು ಬೇರೆಯಾಗಿ ಕೇಳಿಸಿತು. ಆಮೇಲೆ ದೂಳು, ಏನೂ ಕಾಣದು. ಕಾನೂನಿನವನು ನನ್ನ ತೋಳು ಹಿಡಿದಿದ್ದ. ಇಬ್ಬರಿಗೂ ಕೂಗಲು ಭಯ. ಕೂಗಿ ಉತ್ತರ ಬಾರದಿದ್ದರೆ?

ಎಷ್ಟು ಹೊತ್ತಾಯಿತೋ. ಬಂಡೆಯ ಪಕ್ಕದ ಕುರುಚಲಿನಿಂದ ಮಾಲೂರಿನವನು ತೆವಳಿ ಬಂದ. ಕಿವಿಯಿಂದ ರಕ್ತ, ಮೈಯೆಲ್ಲ ಬಿಳಿ ದೂಳು. "ಬಾಟ್ಲಿ ಅಲ್ಲೇ ಹೋದ್ವು ಕಣ್ರೋ," ಎಂದ.

ಕ್ವಾರಿಯ ಮುದುಕನೊಬ್ಬ ಏದುಸಿರು ಬಿಡುತ್ತಾ ಬಂದ. "ಎವರಪ್ಪಾ, ಯಾರು ಟವಲ್ ಬೀಸಿದ್ದು? ಈ ಬಂಡೆ ಮೇಲೆ ನಮ್ಮ ಕಾವಲಿನೋನು ನಿಲ್ತಾನೆ. ನಾವು ಕೆಂಪು ಬಟ್ಟೆ ಬೀಸಿ ಕೇಳ್ತೀವಿ. ಕೆಳಗೆ ಜನ ದನ ಇಲ್ಲ ಅಂದ್ರೆ ಅವನು ತಿರುಗಿ ಬೀಸ್ತಾನೆ. ಆಮೇಲೇ ಬತ್ತಿ ಹಚ್ಚೋದು."

"ಯಾರೂ ಬೀಸಿಲ್ಲ," ಎಂದ ಕಾನೂನಿನವನು, ಅಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದವನಂತೆ. "ನಿಮ್ಮ ಕಾವಲಿನೋನು ಎಲ್ಲಿ ಹಾಳಾಗಿ ಹೋಗಿದ್ದ, ಅದನ್ನ ಮೊದ್ಲು ಹೇಳಿ."

ಮುದುಕ ನನ್ನ ಕತ್ತಿನ ಕಡೆ ನೋಡಿದ. ನಾನು ನಕ್ಷೆ ಮಡಚತೊಡಗಿದೆ. ಮುಳಬಾಗಿಲಿನಲ್ಲಿ ಮಾಲೂರಿನವನ ಕಿವಿಗೆ ಪಟ್ಟಿ ಕಟ್ಟಿಸಿ ಬಸ್ಸು ಹತ್ತಿದೆವು. ಆವನಿಗೆ ಹೋಗಲೇ ಇಲ್ಲ.

ಎಂಬತ್ತರ ನಂತರ, ಅವನ ಮದುವೆಯ ಮಾರನೆಯ ದಿನ, ಮಾಲೂರಿನ ಅವನ ಮನೆಯ ಜಗಲಿಯಲ್ಲಿ ಒಬ್ಬಟ್ಟು ತಿನ್ನುತ್ತಾ ಕೂತಿದ್ದಾಗ, ಅವತ್ತು ನಾನು ಟವಲ್ ಬೀಸಿದ್ದೆನೇ ಎಂದು ಕೇಳಿಯೇಬಿಟ್ಟೆ. ಕೇಳಿಸುವ ಕಿವಿಯನ್ನು ನನ್ನ ಕಡೆ ತಿರುಗಿಸಿಕೊಂಡ.

"ನೀನು ಬೀಸಿದ್ದೆ ಕಣೋ, ನಾನು ನೋಡ್ದೆ. ನನ್ನನ್ನೇ ಕರೀತಿದ್ದೀಯ ಅಂತ ಮೇಲಕ್ಕೆ ಹತ್ತಿದೆ. ನೀನು ಬೀಸದೆ ಇದ್ದಿದ್ರೆ ಈ ಒಬ್ಬಟ್ಟು ಬೇರೆ ಯಾರೋ ತಿಂತಿದ್ರು."

ನಾನು ನಂಬಲಿಲ್ಲ. ಹಾಸ್ಟೆಲಿನಲ್ಲಿ ನಾನು ಒಡೆದ ಲೋಟಗಳನ್ನೆಲ್ಲ ತಾನೇ ಒಡೆದೆ ಎನ್ನುತ್ತಿದ್ದವನು ಅವನು. ಅಲ್ಲದೆ ನನ್ನ ನೆನಪಿನಲ್ಲಿ ದೊಣೆಗೂ ನನಗೂ ನಡುವೆ ಆನೆಗಾತ್ರದ ಬಂಡೆಯೊಂದಿತ್ತು. ಅಲ್ಲಿಂದ ಅವನು ಕಾಣುತ್ತಿರಲಿಲ್ಲ, ಆದ್ದರಿಂದಲೇ ಅವನನ್ನು ಮರೆತು ಬೀಸಿದೆ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ನನಗೆ ಅವನು ಕಾಣದಿದ್ದರೆ ಅವನಿಗೆ ನಾನೂ ಕಂಡಿರಲಾರೆ.

ಮುಂದಿನ ಚಳಿಗಾಲ ಒಬ್ಬನೇ ಆ ಗುಡ್ಡ ಹತ್ತಿದೆ. ಕ್ವಾರಿ ನಿಂತಿತ್ತು. ಅಂದು ನಾನು ನಿಂತಿದ್ದ ಕಾವಲಿನವನ ಬಂಡೆಗೆ ಸುಣ್ಣದ ಗುರುತು ಬಳಿದಿದ್ದರು. ಕೆಳಗಿಳಿದು ಆನೆಗಾತ್ರದ ಆ ಬಂಡೆಯನ್ನು ಹುಡುಕಿದೆ; ಒಡೆದು ಸಾಗಿಸಿರಬಹುದು ಎಂದು ಉಳಿಗುರುತಿಗಾಗಿ ಇಳಿಜಾರನ್ನೆಲ್ಲ ಸವರಿ ನೋಡಿದೆ. ಬಂಡೆಯೂ ಇರಲಿಲ್ಲ, ಈ ಕಡೆ ಯಾರೂ ಉಳಿ ಮುಟ್ಟಿಸಿಯೂ ಇರಲಿಲ್ಲ. ಮತ್ತೆ ಹತ್ತಿ ಸುಣ್ಣದ ಗುರುತಿನ ಮೇಲೆ ಕಾಲಿಟ್ಟು ನಿಂತೆ. ಅಲ್ಲಿಂದ ದೊಣೆ ಪೂರ್ತಿ ಕಾಣುತ್ತದೆ.