ಕಾಲುವೆ ಪಕ್ಕದ ಹೋಟೆಲಿನಲ್ಲಿ ಚಿಕ್ಕಮ್ಮ

ಯೋನ್‌ಶೋಪಿಂಗ್‌ನಲ್ಲಿ ನಾನಿರುವ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಒಂದು ಬಟ್ಟೆ ಒಗೆಯುವ ಕೋಣೆ ಇದೆ. ಸ್ವೀಡನ್ನಿನಲ್ಲಿ ಸ್ವಲ್ಪ ಕಾಲ ಇದ್ದವರಿಗೂ ಈ ಕೋಣೆಯ ಮಹಿಮೆ ಗೊತ್ತು. ಮೊದಲೇ ಸಮಯ ಕಾದಿರಿಸಬೇಕು. ಐದು ನಿಮಿಷ ತಡವಾದರೆ ಮುಂದಿನ ಸರದಿಯವರು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ, ಬೈಯುವುದಿಲ್ಲ, ನಗುತ್ತಾರೆ. ಆ ನಗುವಿಗಿಂತ ನಮ್ಮ ಮೈಸೂರಿನ ಬೀದಿನಲ್ಲಿಯ ಜಗಳವೇ ವಾಸಿ. ಹೋದ ಭಾನುವಾರ ಬೆಳಿಗ್ಗೆ ಅಂಥ ನಗುವಿಗೆ ಹೆದರಿ ಅವಸರ ಅವಸರವಾಗಿ ಡ್ರೈಯರಿನಿಂದ ಬೆಡ್‌ಶೀಟು ಎಳೆದೆ. ಬಿಸಿ ಹತ್ತಿಬಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಕೈ ಅಲ್ಲೇ ನಿಂತಿತು.

ಅದು ನನ್ನ ಸರೋಜ ಚಿಕ್ಕಮ್ಮನ ವಾಸನೆ. ಬೇರೆಯವರ ಮನೆಯ ಹೆಂಗಸರ ಸೆರಗಿನಲ್ಲಿ ಒಗ್ಗರಣೆಯ ವಾಸನೆಯೋ ಮಲ್ಲಿಗೆಯ ವಾಸನೆಯೋ ಇರುತ್ತಿತ್ತು. ಚಿಕ್ಕಮ್ಮ ಸಂಜೆ ಮನೆಗೆ ಬಂದರೆ ಆಗತಾನೇ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಬರುತ್ತಿತ್ತು. ಅಮ್ಮನ ತಂಗಿ ಅವಳು. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಳು. ನನಗೆ ಜಡೆ ಹಾಕಿದವಳೂ ಅವಳೇ, ಮಗ್ಗಿ ಬಾಯಿಪಾಠ ಮಾಡಿಸಿದವಳೂ ಅವಳೇ. ಮೈಸೂರಿನ ಒಂದು ದೊಡ್ಡ ಹೋಟೆಲಿನಲ್ಲಿ ರೂಮುಗಳನ್ನು ಕ್ಲೀನ್ ಮಾಡುವ ಕೆಲಸ ಅವಳದು. ಮೂವತ್ತೊಂದು ವರ್ಷ ಅದನ್ನೇ ಮಾಡಿದಳು.

ಈ ಕೊನೆಯ ಎರಡು ವಾಕ್ಯಗಳನ್ನು ಇಷ್ಟು ಸಲೀಸಾಗಿ ಬರೆದುಬಿಟ್ಟೆ ನೋಡಿ. ಹೇಳುವುದಕ್ಕೆ ನನಗೆ ಮೂವತ್ತನಾಲ್ಕು ವರ್ಷ ಬೇಕಾಯಿತು. ಐದನೇ ಕ್ಲಾಸಿನಲ್ಲಿ ಟೀಚರ್ ಕೇಳಿದಾಗ "ನಮ್ಮ ಚಿಕ್ಕಮ್ಮ ಹೋಟೆಲ್ ಮ್ಯಾನೇಜರ್ ಮಿಸ್" ಎಂದಿದ್ದೆ. ಒಂದು ಸಲ ಹೇಳಿದ ಮೇಲೆ ಆ ಬಡ್ತಿಯನ್ನು ವಾಪಸು ಪಡೆಯುವುದು ಹೇಗೆ? ಕಾಲೇಜಿನಲ್ಲೂ ಅದೇ ಹೇಳಿದೆ, ಬೆಂಗಳೂರಿನಲ್ಲೂ ಅದೇ. ಸ್ವೀಡನ್ನಿಗೆ ಬಂದ ಮೇಲೆ ಮ್ಯಾನೇಜರ್ ಎಂಬುದು ಇನ್ನೂ ಬೆಳೆದು "ಹಾಸ್ಪಿಟಾಲಿಟಿ ಇಂಡಸ್ಟ್ರಿಯಲ್ಲಿ ಇದ್ದರು" ಎಂದಾಯಿತು. ಚಿಕ್ಕಮ್ಮನಿಗೆ ನಾನು ಕೊಟ್ಟಷ್ಟು ಪ್ರಮೋಷನ್ನುಗಳನ್ನು ಆ ಹೋಟೆಲಿನವರೂ ಕೊಡಲಿಲ್ಲ.

ನನ್ನ ಪಿಎಚ್.ಡಿ. ಮುಗಿದ ವರ್ಷ ಅವಳನ್ನು ಇಲ್ಲಿಗೆ ಕರೆಸಿಕೊಂಡೆ. ಅಷ್ಟು ಹೊತ್ತಿಗೆ ಅವಳು ರಿಟೈರ್ ಆಗಿದ್ದಳು. ಸಾವಿರಾರು ಹಾಸಿಗೆ ಹಾಸಿದವಳು ಒಂದು ದಿನವೂ ಅಂಥ ಹಾಸಿಗೆಯಲ್ಲಿ ಮಲಗಿದವಳಲ್ಲ ಎಂಬುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಗೋಥೆನ್‌ಬರ್ಗ್‌ನಲ್ಲಿ ಕಾಲುವೆಯ ದಡಕ್ಕೇ ಇರುವ ಒಂದು ಹಳೆಯ, ಬಲು ಘನವಾದ ಹೋಟೆಲಿನಲ್ಲಿ ಎರಡು ದಿನಕ್ಕೆ ರೂಮು ಹಿಡಿದೆ. ಹೆಸರು ಬೇಡ, ಬಾಗಿಲಲ್ಲಿ ನಿಂತವನ ಕೋಟೇ ನನ್ನ ಮದುವೆಯ ಸೀರೆಗಿಂತ ಚೆನ್ನಾಗಿತ್ತು ಎಂದರೆ ಸಾಕು.

ಕೌಂಟರಿನ ಹುಡುಗಿ ನಗುನಗುತ್ತ, ಏನಾದರೂ ವಿಶೇಷವೇ ಎಂದು ಕೇಳಿದಳು. ನಾನು ಸ್ವೀಡಿಷ್‌ನಲ್ಲಿ, ಗಂಟಲನ್ನು ಸ್ವಲ್ಪ ಭಾರ ಮಾಡಿಕೊಂಡು, "ನಮ್ಮ ಚಿಕ್ಕಮ್ಮ ಭಾರತದಲ್ಲಿ ಹೋಟೆಲ್ ಮ್ಯಾನೇಜರ್ ಆಗಿದ್ದರು" ಎಂದೆ. ಭಾಷೆ ಬಾರದಿದ್ದರೂ 'ಹೋಟೆಲ್' ಮತ್ತು 'ಮ್ಯಾನೇಜರ್' ಎಂಬ ಪದಗಳು ಯಾರ ಕಿವಿಗೆ ಬೀಳುವುದಿಲ್ಲ? ಚಿಕ್ಕಮ್ಮ ನನ್ನನ್ನೊಮ್ಮೆ ನೋಡಿ, ಆಮೇಲೆ ಛಾವಣಿಯ ದೀಪದ ಗೊಂಚಲು ನೋಡಿದಳು. "ಇದನ್ನ ಒರೆಸಕ್ಕೆ ಏಣಿ ಬೇಕು" ಎಂದಳು, ಅಷ್ಟೇ.

ರೂಮಿಗೆ ಹೋದ ಕೂಡಲೇ ಅವಳು ಕಿಟಕಿಯ ಕಡೆ ಹೋಗಲಿಲ್ಲ. ಹಾಸಿಗೆಯ ಮೂಲೆ ಎತ್ತಿ ಶೀಟು ಹೇಗೆ ಮಡಚಿದ್ದಾರೆ ನೋಡಿದಳು. ಬಚ್ಚಲುಮನೆಯ ನಲ್ಲಿಯ ಹಿಂದೆ ಬೆರಳಾಡಿಸಿದಳು. "ಒಳ್ಳೇ ಕೈ ಕಣೇ ಇವಳದ್ದು, ಯಾರೋ ಏನೋ" ಎಂದು ಮೆಚ್ಚಿದಳು. ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ತನ್ನ ಹಾಸಿಗೆ ಹಾಸಿ, ದಿಂಬು ಉಬ್ಬಿಸಿ ನಿಲ್ಲಿಸಿ, ಅದರ ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತಿದ್ದಳು.

"ಚಿಕ್ಕಮ್ಮ, ನೀನಿಲ್ಲಿ ಗೆಸ್ಟು. ಸುಮ್ನೆ ಆರಾಮಾಗಿರು."

"ಆರಾಮಾಗೇ ಇದೀನಲ್ಲ. ಹಾಸದೇ ಇರೋ ಹಾಸಿಗೆ ನೋಡ್ತಾ ಕೂತ್ರೆ ನಂಗೆ ಆರಾಮಾಗಲ್ಲ."

ಮೊದಲ ದಿನ ನಾನು ಮಾಡಿದ್ದ ಪಟ್ಟಿಯ ಪ್ರಕಾರ ಊರು ನೋಡಿದ್ದೆವು. ಪಟ್ಟಿ ಎಂದರೆ ಎಕ್ಸೆಲ್ ಶೀಟು. ಸಂಶೋಧನೆಯ ಚಟ ಅಷ್ಟು ಬೇಗ ಬಿಡುವುದಿಲ್ಲ. ಚರ್ಚಿನ ಹಾಗೆ ಕಾಣುವ ಮೀನಿನ ಮಾರುಕಟ್ಟೆಯನ್ನು ಶುದ್ಧ ಸಸ್ಯಾಹಾರಿಗಳಾದ ನಾವಿಬ್ಬರೂ ಹೊರಗಿನಿಂದ ಭಕ್ತಿಯಿಂದ ನೋಡಿದೆವು. ಕಾಲುವೆಯಲ್ಲಿ ಹೋಗುವ ತಗ್ಗಾದ ದೋಣಿಯಲ್ಲಿ ಕೂತೆವು. ಒಂದು ಸೇತುವೆ ಎಷ್ಟು ತಗ್ಗೆಂದರೆ ಎಲ್ಲರೂ ಸೀಟು ಬಿಟ್ಟು ದೋಣಿಯ ನೆಲಕ್ಕೆ ಇಳಿದು ತಲೆ ತಗ್ಗಿಸಬೇಕು. ಚಿಕ್ಕಮ್ಮ ಸೀರೆ ಒತ್ತಿಕೊಂಡು ಎಲ್ಲರಿಗಿಂತ ಮೊದಲು ಚಕ್ಕಂಬಕ್ಕಲ ಹಾಕಿ ಕೂತಳು. ಮಂಡಿ ನೋವೆಂದು ಗೊಣಗುತ್ತ ಕೊನೆಗೆ ಕೂತವಳು ನಾನು.

ಎರಡನೆಯ ದಿನ ತಿಂಡಿ ಮುಗಿಸಿ ಮೇಲೆ ಬರುವಾಗ ನಮ್ಮ ಪಕ್ಕದ ರೂಮಿನ ಬಾಗಿಲು ತೆರೆದಿತ್ತು. ಹೊರಗೆ ಟ್ರಾಲಿ. ಒಳಗೆ ಸುಮಾರು ಐವತ್ತರ ಹೆಂಗಸೊಬ್ಬಳು ಏಪ್ರನ್ನಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಎದುರಿಗೆ ಸೂಟು ತೊಟ್ಟ ಮ್ಯಾನೇಜರ್ ಹೆಂಗಸು ಮೆಲುದನಿಯಲ್ಲಿ ಮಾತಾಡುತ್ತಿದ್ದಳು. ಈ ದೇಶದಲ್ಲಿ ದನಿ ಎಷ್ಟು ತಗ್ಗುತ್ತದೋ ವಿಷಯ ಅಷ್ಟು ದೊಡ್ಡದಿರುತ್ತದೆ.

"ಏನಾಯ್ತಂತೆ?" ಚಿಕ್ಕಮ್ಮ ನನ್ನ ಮೊಣಕೈ ಹಿಡಿದಳು.

"ಆ ರೂಮಲ್ಲಿದ್ದ ಗೆಸ್ಟು ಚೆಕ್‌ಔಟ್ ಮಾಡಿ ಹೋಗ್ಬಿಟ್ಟಿದಾರೆ. ಒಂದು ವಜ್ರದ ಓಲೆ ಕಾಣ್ತಿಲ್ಲ ಅಂತ ಫೋನ್ ಮಾಡಿದಾರೆ. ಈಯಮ್ಮನೇ ಕ್ಲೀನ್ ಮಾಡಿದ್ದಂತೆ. ಬಾ, ನಮಗ್ಯಾಕೆ."

ಚಿಕ್ಕಮ್ಮ ಬರಲಿಲ್ಲ. ಅವಳ ಮುಖ ನಾನು ಎಂದೂ ನೋಡದ ಹಾಗೆ ಬಿಗಿದುಕೊಂಡಿತ್ತು.

"ಅವ್ರನ್ನ ಕೇಳು. ಆ ಗೆಸ್ಟು ಬೆಳಿಗ್ಗೆ ತಲೆಗೆ ಸ್ನಾನ ಮಾಡಿದ್ರಾ ಅಂತ."

"ಚಿಕ್ಕಮ್ಮ, ಹಾಗೆಲ್ಲ ಕೇಳಕ್ಕಾಗಲ್ಲ!"

"ಕೇಳೇ. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೋತಾರೆ. ಬಿಚ್ಚುವಾಗ ಓಲೆಯ ಕೊಕ್ಕೆ ಟವೆಲ್ಲಿನ ಎಳೆಗೆ ಸಿಕ್ಕೊಳತ್ತೆ. ರೂಮೆಲ್ಲ ಹುಡುಕಿರ್ತಾರೆ. ಟವೆಲ್ ಹುಡುಕಿರಲ್ಲ."

ನಾನು ಹತ್ತು ಸಲ ಕ್ಷಮಿಸಿ ಎಂದು ಹೇಳಿ ಅದನ್ನು ಸ್ವೀಡಿಷ್‌ಗೆ ಹಾಕಿದೆ. ಮ್ಯಾನೇಜರ್ ಹುಬ್ಬೇರಿಸಿದಳು. ಆದರೆ ಏಪ್ರನ್ನಿನ ಹೆಂಗಸು ತಲೆಯೆತ್ತಿದಳು. ಬಚ್ಚಲಿನಲ್ಲಿ ಕೂದಲು ಒಣಗಿಸುವ ಯಂತ್ರ ಹೊರಗೇ ಇತ್ತೆಂದೂ, ಟವೆಲ್ಲುಗಳು ಇನ್ನೂ ಕೆಳಗಿನ ಲಿನನ್ ರೂಮಿನಲ್ಲೇ ಇವೆಯೆಂದೂ, ಲಾಂಡ್ರಿಯ ಗಾಡಿ ಇನ್ನೇನು ಬರುತ್ತದೆಂದೂ ಒಂದೇ ಉಸಿರಿನಲ್ಲಿ ಹೇಳಿದಳು. ಅವಳ ಹೆಸರು ಅಲ್ಮಾಜ್. ಎರಿಟ್ರಿಯಾದಿಂದ ಬಂದವಳು.

ನಾಲ್ವರೂ ಕೆಲಸದವರ ಮೆಟ್ಟಿಲಿನಲ್ಲಿ ಇಳಿದೆವು. ಗೆಸ್ಟುಗಳು ಅಲ್ಲಿಗೆ ಹೋಗುವಂತಿಲ್ಲ. ಆದರೆ ಚಿಕ್ಕಮ್ಮ ಮುಂದೆ ಮುಂದೆ ನಡೆಯುತ್ತಿದ್ದಳು, ತಡೆಯುವುದು ಮ್ಯಾನೇಜರಿಗೂ ಹೊಳೆಯಲಿಲ್ಲ. ಮೇಲಿನ ಹೊಳಪೆಲ್ಲ ಅಲ್ಲಿ ಮುಗಿದು ಸಿಮೆಂಟು ನೆಲ, ಟ್ಯೂಬ್‌ಲೈಟು, ಎದೆಯೆತ್ತರದ ಬಟ್ಟೆಚೀಲಗಳು ಶುರುವಾದವು. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಟವೆಲನ್ನು ಕೊಡವಲಿಲ್ಲ, ಕೊಡವಬೇಡಿ ಎಂದು ನಮಗೂ ಕೈ ಅಡ್ಡ ಮಾಡಿದಳು. ಒಂದೊಂದನ್ನೂ ಮೇಜಿನ ಮೇಲೆ ಹರಡಿ ಅಂಗೈಯಿಂದ ಮೆಲ್ಲಗೆ ಸವರುತ್ತ ಹೋದಳು. ಅಲ್ಮಾಜ್ ಎದುರು ನಿಂತು ಅದೇ ರೀತಿ ಸವರತೊಡಗಿದಳು. ಒಬ್ಬಳಿಗೆ ಕನ್ನಡ, ಒಬ್ಬಳಿಗೆ ತಿಗ್ರಿನ್ಯಾ. ಇಬ್ಬರ ಕೈಗಳೂ ಒಂದೇ ಶಾಲೆಯಲ್ಲಿ ಕಲಿತಂತೆ ಓಡುತ್ತಿದ್ದವು. ನಾನೂ ಒಂದು ಟವೆಲ್ ಎತ್ತಿಕೊಂಡೆ. "ನೀನು ಬಿಡು, ನಿಂಗೆ ಗೊತ್ತಾಗಲ್ಲ" ಎಂದಳು ಚಿಕ್ಕಮ್ಮ. ಡಾಕ್ಟರೇಟ್ ಆದವಳು ಗೋಡೆಗೊರಗಿ ನಿಂತೆ.

ಎರಡನೆಯ ಚೀಲ ಅರ್ಧವಾಗಿದ್ದಾಗ ಚಿಕ್ಕಮ್ಮನ ಅಂಗೈ ನಿಂತಿತು. ಬೆರಳಿನಿಂದ ಎಳೆ ಬಿಡಿಸಿದಳು. ಓಲೆಯನ್ನು ತಾನು ಎತ್ತಿ ಮ್ಯಾನೇಜರಿಗೆ ಕೊಡಬಹುದಿತ್ತು. ಕೊಡಲಿಲ್ಲ. ಟವೆಲನ್ನು ಹಾಗೆಯೇ ಅಲ್ಮಾಜಳ ಕಡೆ ಜರುಗಿಸಿ, "ಯು ಗಿವ್" ಎಂದಳು.

ಅಲ್ಮಾಜ್ ಕೊಟ್ಟಳು. ಮ್ಯಾನೇಜರಿನ ಮುಖ ಕೆಂಪಾಗಿತ್ತು. ಆದರೂ ಅವಳು ನೆಟ್ಟಗೆ ಅಲ್ಮಾಜಳ ಕಣ್ಣು ನೋಡಿ, ನಿಮ್ಮನ್ನು ಅನುಮಾನಿಸಿದ್ದು ನನ್ನ ತಪ್ಪು, ಕ್ಷಮಿಸಿ ಎಂದಳು. ಅದನ್ನು ನಾನು ಕನ್ನಡಕ್ಕೆ ಹೇಳಿದಾಗ ಚಿಕ್ಕಮ್ಮ ಮೇಜಿನ ಅಂಚು ಹಿಡಿದು ನಿಂತಳು.

"ನಂಗೆ ಯಾರೂ ಹೇಳ್ಲಿಲ್ಲ ಕಣೇ," ಎಂದಳು. "ನೀನು ಐದನೇ ಕ್ಲಾಸು ಆಗ. ಹೀಗೇ ಒಂದು ಓಲೆ. ಎರಡು ದಿನ ನನ್ನ ಬ್ಯಾಗು, ನನ್ನ ಡಬ್ಬಿ ಎಲ್ಲ ಚೆಕ್ ಮಾಡಿದ್ರು. ಮೂರನೇ ದಿನ ಲಾಂಡ್ರಿಯವನು ಟವೆಲ್ಲಿಂದ ತೆಗೆದುಕೊಟ್ಟ. ಸಿಕ್ತಂತೆ, ಡ್ಯೂಟಿಗೆ ಹೋಗು ಅಂದ್ರು. ಹೋದೆ."

ಐದನೇ ಕ್ಲಾಸು. ನಾನು ಅವಳನ್ನು ಮ್ಯಾನೇಜರ್ ಮಾಡಿದ ವರ್ಷ. ಆ ಮೂರು ದಿನವೂ ಅವಳು ನನಗೆ ಜಡೆ ಹಾಕಿದ್ದಳು, ಮಗ್ಗಿ ಒಪ್ಪಿಸಿಕೊಂಡಿದ್ದಳು. ನಮಗೆ ಒಂದು ಮಾತೂ ತಿಳಿಯಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ನನ್ನ ಕಡೆ ತಿರುಗಿ, ನಿಮ್ಮ ಚಿಕ್ಕಮ್ಮ ಹೋಟೆಲ್ ಮ್ಯಾನೇಜರ್ ಎಂದು ನಮ್ಮ ಕೌಂಟರಿನವರು ಹೇಳಿದರು, ಇಷ್ಟು ಸೂಕ್ಷ್ಮ ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಹೂಂ ಎಂದುಬಿಡಬಹುದಿತ್ತು. ಅಭ್ಯಾಸವೂ ಇತ್ತು.

"ಇಲ್ಲ, ನಾನು ಸುಳ್ಳು ಹೇಳಿದ್ದೆ," ಎಂದೆ. "ಇವರು ರೂಮು ಕ್ಲೀನ್ ಮಾಡುತ್ತಿದ್ದರು."

ಚಿಕ್ಕಮ್ಮ ನಮ್ಮಿಬ್ಬರ ಮುಖ ನೋಡಿದಳು. "ಏನಂದೆ?"

"ರೂಮ್ ಕ್ಲೀನ್ ಮಾಡ್ತಿದ್ದೆ ನೀನು ಅಂದೆ."

"ಮೂವತ್ತೊಂದು ವರ್ಷ ಅಂದ್ಯಾ?"

"ಇಲ್ಲ."

"ಮತ್ತೆ ಅದನ್ನೂ ಹೇಳು."

ಹೇಳಿದೆ. ದನಿಯನ್ನು ಭಾರ ಮಾಡಿಕೊಳ್ಳಬೇಕಾಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಅಲ್ಮಾಜಳ ಕೆಲಸ ಮುಗಿಯಿತು. ಕೋಟು ಹಾಕಿಕೊಂಡು ಬಂದು ಚಿಕ್ಕಮ್ಮನ ಕೈ ಹಿಡಿದು ಹೊರಟೇಬಿಟ್ಟಳು; ನಾನು ದುಭಾಷಿಯಾಗಿ ಹಿಂದೆ. ನನ್ನ ಎಕ್ಸೆಲ್ ಶೀಟಿನಲ್ಲಿ ಇಲ್ಲದ ಊರನ್ನು ಅವಳು ತೋರಿಸಿದಳು. ಕಾಲುವೆಯ ನೀರಿನವರೆಗೆ ಇಳಿಯುವ, ನಡುವೆ ಸವೆದ ಕಲ್ಲಿನ ಮೆಟ್ಟಿಲು. ಹಿಂದೆ ಹೆಂಗಸರು ಇಲ್ಲಿ ಊರಿನ ಬಟ್ಟೆ ಒಗೆಯುತ್ತಿದ್ದರಂತೆ ಎಂದಳು. ಚಿಕ್ಕಮ್ಮ ಇಳಿದು, ನೀರು ಮುಟ್ಟಿ, "ಅಯ್ಯೋ, ಈ ಚಳೀಲಾ!" ಎಂದಳು. ಆಮೇಲೆ 'ಹಾಗಾ' ಎಂಬ ಹಳೆಯ ಬಡಾವಣೆಯ ಒಂದು ಒಳಅಂಗಳ. ಕೆಳಗೊಂದು ಅಂತಸ್ತು ಕಲ್ಲು, ಮೇಲೆರಡು ಅಂತಸ್ತು ಮರ, ಹಾಗೆ ಕಟ್ಟಿದ ಹಳೆಯ ಕಾರ್ಮಿಕರ ಮನೆಗಳು. ಬೀದಿಯಲ್ಲಿ ಪ್ರವಾಸಿಗಳು ತಟ್ಟೆಯಗಲದ ದಾಲ್ಚಿನ್ನಿ ಬನ್ನಿಗೆ ಸಾಲು ನಿಂತಿದ್ದರೆ, ಗೋಡೆಯ ಈಚೆ ಒಂದು ಸೇಬಿನ ಮರ, ಒಂದು ಬೆಂಚು, ನಾವು ಮೂವರು. ಅಲ್ಮಾಜ್ ಫ್ಲಾಸ್ಕಿನಿಂದ ಶುಂಠಿ ಹಾಕಿದ ಕಾಫಿ ಬಗ್ಗಿಸಿದಳು. ಚಿಕ್ಕಮ್ಮ ಒಂದು ಗುಟುಕು ಕುಡಿದು, ನಮ್ಮ ಕಾಫಿಗಿಂತ ಏನೂ ಕಮ್ಮಿಯಿಲ್ಲ ಎಂದು ಹೇಳು ಎಂದಳು. ಮೈಸೂರಿನವರ ಬಾಯಿಂದ ಇದು ಬಂದದ್ದನ್ನು ನೀವು ನಂಬಲಾರಿರಿ.

ಮರುದಿನ ಬೆಳಿಗ್ಗೆ ನಾನೆದ್ದಾಗ ಎಂಟೂವರೆ. ಚಿಕ್ಕಮ್ಮ ಇನ್ನೂ ಮಲಗಿದ್ದಳು, ದೊಡ್ಡ ಹಾಸಿಗೆಯ ನಟ್ಟನಡುವೆ, ಕೈಕಾಲು ಚೆಲ್ಲಿ. ಹೋಗುವಾಗ ಹಾಸಿಗೆ ಹಾಗೆಯೇ ಬಿಟ್ಟಳು. "ಅಲ್ಮಾಜ್ ಇದಾಳಲ್ಲ, ಚೆನ್ನಾಗಿ ಹಾಸ್ತಾಳೆ" ಎಂದಳು.

ಹೋದ ಭಾನುವಾರ ಬೆಡ್‌ಶೀಟು ಹೊತ್ತು ಮೇಲೆ ಬಂದರೆ ಬಾಗಿಲಲ್ಲಿ ಶಿಲ್ಪಾ ನಿಂತಿದ್ದಳು. ಧಾರವಾಡದ ಕಡೆಯ ಹುಡುಗಿ, ಈ ವರ್ಷವಷ್ಟೇ ಇಲ್ಲಿನ ಯೂನಿವರ್ಸಿಟಿಯಲ್ಲಿ ನಾನಿರುವ ವಿಭಾಗಕ್ಕೆ ಸಂಶೋಧನೆಗೆ ಸೇರಿದವಳು. ನಮ್ಮೊಂದಿಗೆ ಅಚ್ಚ ಬೆಂಗಳೂರು ಕನ್ನಡವನ್ನೇ ಎಚ್ಚರದಿಂದ ಆಡುತ್ತಾಳೆ. ಊಟಕ್ಕೆ ಕರೆದಿದ್ದೆ. ಅನ್ನ ಬಡಿಸುವಾಗ ಅವಳು, "ಅಕ್ಕ, ಬೇಸಿಗೇಲಿ ಅಮ್ಮ ಬರ್ತಾರೆ. ಗೋಥೆನ್‌ಬರ್ಗ್‌ನಲ್ಲಿ ಯಾವ ಹೋಟೆಲ್ ಚೆನ್ನಾಗಿದೆ?" ಎಂದಳು. ಹೇಳಿದೆ. ಜೊತೆಗೆ ಚಿಕ್ಕಮ್ಮನ ಕತೆಯನ್ನೂ, ಈಗ ನಿಮಗೆ ಹೇಳಿದ ಹಾಗೆಯೇ, ಒಂದೂ ಪ್ರಮೋಷನ್ ಕೊಡದೆ ಹೇಳಿದೆ.

ಶಿಲ್ಪಾ ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು. ಆಮೇಲೆ ಮಾತಾಡಿದಾಗ ಅವಳ ಕನ್ನಡವೇ ಬೇರೆಯಾಗಿತ್ತು.

"ಅಕ್ಕಾ, ನಮ್ಮವ್ವ ಸಾಲ್ಯಾಗ ಆಯಾ ಅದಾಳ್ರಿ. ಇಲ್ಲೆ ಯಾರಿಗೂ ಹೇಳಿಲ್ಲ ನಾ. ಟೀಚರ್ ಅಂತ ಹೇಳೇನಿ."

"ನಿಮ್ಮವ್ವನ ಹೆಸರೇನು?"

"ಗಂಗವ್ವ."

ನಾನು ಲ್ಯಾಪ್‌ಟಾಪ್ ತೆರೆದು, ಕಾಲುವೆಯ ಕಡೆಗೆ ಕಿಟಕಿಯಿರುವ ರೂಮು ಹುಡುಕಿ, ಗೆಸ್ಟಿನ ಹೆಸರಿನ ಜಾಗವನ್ನು ಅವಳ ಕಡೆ ತಿರುಗಿಸಿದೆ. ಶಿಲ್ಪಾ ಕೈ ತೊಳೆದುಕೊಂಡು ಬಂದು ಒಂದೊಂದೇ ಅಕ್ಷರ ಒತ್ತಿದಳು.

"ಅಷ್ಟ ದೊಡ್ಡ ಹೋಟೆಲ್ಲು, ಅಕಿಗೆ ಮುಜುಗರ ಅನಸ್ತದೇನೋ ಅಕ್ಕಾ."

"ಅನ್ಸುತ್ತೆ," ಎಂದೆ. "ಮೊದಲನೇ ದಿನ."