ಹೊಟ್ಟಿನ ಗುಡ್ಡೆಯ ಮುರುಗೇಶ

ಮುರುಗೇಶ ಯಾವುದನ್ನೂ ನೋಡಿ ನಂಬಿದವನಲ್ಲ, ಬಡಿದು ನಂಬಿದವನು. ತೋರುಬೆರಳನ್ನು ಮಡಿಚಿ, ಅದರ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿಯನ್ನು ಹತ್ತಿರ ತಂದು ಕೇಳುತ್ತಿದ್ದ. ತೆಂಗಿನಕಾಯಿ, ಹಲಸಿನಹಣ್ಣನ್ನು ಎಲ್ಲರೂ ಬಡಿದು ನೋಡುತ್ತಾರೆ, ಬಿಡಿ. ಈ ಮಹಾರಾಯ ಹೊಸ ಮನೆಯ ಗೋಡೆ ಬಡಿದ, ಬ್ಯಾಂಕಿನ ಕೌಂಟರು ಬಡಿದ, ಕೊನೆಗೆ ಸೈಕಲ್ಲಿನಿಂದ ಬಿದ್ದು ಪ್ಲಾಸ್ಟರ್ ಹಾಕಿಸಿಕೊಂಡಿದ್ದ ನಮ್ಮ ಯಜಮಾನರ ಕಾಲನ್ನೂ ಬಡಿದ. ಅವರು ಅಯ್ಯಯ್ಯೋ ಎಂದು ಕೂಗಿದ್ದು ಆಚೆ ಬೀದಿಗೆ ಕೇಳಿತ್ತು. ಇವನು ಮಾತ್ರ ಗಂಭೀರವಾಗಿ, "ಒಳಗ ಗಾಳಿ ಐತ್ರೀ, ಸರಿಯಾಗಿ ಕಟ್ಟಿಲ್ಲ" ಎಂದು ತೀರ್ಪು ಕೊಟ್ಟು ಹೋದ.

ಶಿಕಾರಿಪುರದಲ್ಲಿ ನನ್ನ ಟೇಲರಿಂಗ್ ಅಂಗಡಿಗೂ ಅವನ ಫ್ರಿಜ್ಜು ರಿಪೇರಿ ಅಂಗಡಿಗೂ ನಡುವೆ ಒಂದೇ ಗೋಡೆ. ತೊಂಬತ್ತರ ದಶಕದ ಆ ದಿನಗಳಲ್ಲಿ ಊರಿನಲ್ಲಿ ಫ್ರಿಜ್ಜು ಇದ್ದವರೇ ಕಡಿಮೆ. ಬೇಕರಿ, ಸೋಡಾ ಅಂಗಡಿ, ಐಸ್‌ಕ್ಯಾಂಡಿ ಮಾಡುವವರು ಅವನ ಗಿರಾಕಿಗಳು. ಕೆಲಸವಿಲ್ಲದಾಗ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದ. ನನಗಿಂತ ಸ್ವಲ್ಪ ಚಿಕ್ಕವನು, ಹಾಗಾಗಿ ಅಕ್ಕಾ ಅನ್ನುತ್ತಿದ್ದ. ಒಳ್ಳೆಯವನು, ದುಡಿಯುವವನು, ಒಂದು ಚಟ ಇಲ್ಲ. ಆದರೂ ಮದುವೆ ಮಾತ್ರ ಕೂಡಿ ಬರುತ್ತಿರಲಿಲ್ಲ. ಹೆಣ್ಣಿನ ಕಡೆಯವರು ಬರುತ್ತಿದ್ದರು, ಅವಲಕ್ಕಿ ತಿನ್ನುತ್ತಿದ್ದರು. ಇವನು ಅವರು ತಂದ ಬಾಳೆಗೊನೆಯನ್ನೋ ಕೂತ ಕುರ್ಚಿಯನ್ನೋ ಬಡಿದು ಏನಾದರೊಂದು ಹೇಳುತ್ತಿದ್ದ. ಅವರು ಹೋಗುವಾಗ ನನ್ನ ಅಂಗಡಿಯ ಮುಂದೆ ನಿಂತು, "ಹುಡುಗ ಒಳ್ಳೇವ್ನೇ, ಆದ್ರೆ..." ಎಂದು ತಲೆಯ ಹತ್ತಿರ ಬೆರಳು ತಿರುಗಿಸುತ್ತಿದ್ದರು. ಅವನ ತಾಯಿ ಗೌರಮ್ಮ ನನ್ನೆದುರು ಕಣ್ಣೊರೆಸಿಕೊಳ್ಳುವರು. "ಹುಚ್ಚು ಬಿಡೋ ತನಕ ಮದುವಿ ಆಗಲ್ಲ, ಮದುವಿ ಆಗೋ ತನಕ ಹುಚ್ಚು ಬಿಡಲ್ಲ. ನಾನು ಯಾವ ದೇವ್ರಿಗೆ ಹೇಳ್ಕಳ್ಳಲಿ ಸರೋಜಾ?"

ದೇವರಿಗೇನು ಗೊತ್ತು, ಹುಚ್ಚು ಇನ್ನೂ ಶುರುವಾಗಿಯೇ ಇರಲಿಲ್ಲ!

ಊರಿಗೆ ಆಗಷ್ಟೇ ಕೇಬಲ್ ಟಿವಿ ಬಂದಿತ್ತು. ಯಾರದೋ ಮನೆಗೆ ಫ್ರಿಜ್ಜು ನೋಡಲು ಹೋದವನು ಟಿವಿ ನೋಡಿಕೊಂಡು ಬಂದ. ಕಣ್ಣು ಇಷ್ಟಗಲ ಮಾಡಿಕೊಂಡು ನನ್ನ ಸ್ಟೂಲಿನ ಮೇಲೆ ಕೂತ.

"ಅಕ್ಕಾ, ಹಿಮದ ಗುಡ್ಡ ಐತಿ. ಒಬ್ಬ ಹುಡುಗ ಎರಡೂ ಕಾಲು ಒಂದೇ ಹಲಗಿಗೆ ಕಟ್ಕಂಡು ಮ್ಯಾಲಿಂದ ಜಾರ್ಕಂತ ಬಂದ ನೋಡು, ಥೇಟ್ ಹಾವು ಹರಿದಂಗ!"

"ಅದಕ್ಕೆ ನಿಂಗೇನೋ ಈಗ?"

"ಅಂಥದೊಂದು ಹಲಗಿ ನಾನೂ ಮಾಡಬಹುದಲ್ಲ."

"ಹಲಗೆ ಮಾಡ್ತೀಯ. ಹಿಮ ಎಲ್ಲಿಂದ ತರ್ತೀಯ, ಫ್ರಿಜ್ಜಿಂದ ಕೆರಕೊಂಡು ಬರ್ತೀಯ?"

"ರೈಸ್ ಮಿಲ್ಲಿನ ಹಿಂದ ಹೊಟ್ಟಿನ ಗುಡ್ಡಿ ಐತಲ್ಲಕ್ಕ!"

ಅಂಜನಾಪುರ ಡ್ಯಾಮಿನ ನೀರಿನಲ್ಲಿ ಬೆಳೆದ ಭತ್ತವೆಲ್ಲ ಆ ಮಿಲ್ಲಿಗೆ ಬರುತ್ತಿತ್ತು. ಸುಗ್ಗಿ ಮುಗಿಯುವ ಹೊತ್ತಿಗೆ ಮಿಲ್ಲಿನ ಹಿಂದೆ ಹೊಟ್ಟು ಮನೆಯ ಎತ್ತರಕ್ಕೆ ಬಿದ್ದಿರುತ್ತಿತ್ತು. ಇಟ್ಟಿಗೆ ಭಟ್ಟಿಯವರು ಲಾರಿ ತಂದು ತುಂಬಿಕೊಂಡು ಹೋಗುವ ತನಕ ಅದೇ ನಮ್ಮೂರಿನ ಹಿಮಾಲಯ.

ಮೊದಲು ಒಂದು ಹಲಸಿನ ಹಲಗೆಯನ್ನೇ ಕಾಲಿಗೆ ಬಿಗಿದುಕೊಂಡು ಹತ್ತಿದ. ಹಲಗೆಯ ತುದಿ ಹೊಟ್ಟಿನೊಳಗೆ ನೆಟ್ಟುಕೊಂಡಿತು, ಇವನು ತಲೆಕೆಳಗಾಗಿ ಬಿದ್ದ. ಮೂಗಿನಲ್ಲಿ ಹೋದ ಹೊಟ್ಟು ವಾರವಿಡೀ ಸೀನಿನಲ್ಲಿ ಬರುತ್ತಿತ್ತು. ಸರಿ, ಹಲಗೆಯ ಎರಡೂ ತುದಿ ದೋಣಿಯ ಹಾಗೆ ಮೇಲೆದ್ದಿರಬೇಕು ಎಂದು ಗೊತ್ತಾಯಿತು. ದಪ್ಪ ಹಲಗೆ ಬಾಗುವುದಿಲ್ಲ, ತೆಳು ಪ್ಲೈವುಡ್ಡಾದರೆ ಬಾಗುತ್ತದೆ. ಬಡಗಿಯ ಬಳಿ ಉಳಿದ ಮರದ ತುಂಡುಗಳನ್ನು ತಂದು, ಬಾಗಾಗಿ ಕೊಯ್ದು, ಮೇಲೆ ತಗಡು ಬಡಿದು ಒಂದು ಅಚ್ಚು ಮಾಡಿದ. ಅಚ್ಚಿನ ಮೇಲೆ ತೆಳು ಹಾಳೆಗಳನ್ನು ಅಂಟು ಸವರಿ ಒಂದರ ಮೇಲೊಂದು ಇಟ್ಟ. ಒತ್ತುವುದಕ್ಕೆ ರುಬ್ಬುಗುಂಡು, ಸಿಮೆಂಟಿನ ಚೀಲ ಹೇರಿದ. ಸಾಲಲಿಲ್ಲವೆಂದು ಗೌರಮ್ಮನನ್ನೇ ಮೇಲೆ ಕೂರಿಸಿದ. ಪಾಪ, ಅವರು ಅಲ್ಲೇ ಕೂತು ಅವರೆಕಾಯಿ ಸುಲಿದರು. ಮರುದಿನ ಬಡಿದು ನೋಡಿದವನ ಮುಖ ಸಪ್ಪಗಾಯಿತು. "ನಡುವೆಲ್ಲ ಗಾಳಿ ಉಳಿದೈತಿ." ಕೈ ಹಾಕಿ ಎಳೆದರೆ ಹಾಳೆಗಳು ಬಿಟ್ಟುಕೊಂಡವು.

"ಕಲ್ಲು ಒಂದ್ ಕಡಿ ಒತ್ತಿದ್ರ ಇನ್ನೊಂದ್ ಕಡಿ ಬಿಡತೈತಿ," ಎಂದು ನನಗೆ ಪಾಠ ಮಾಡಿದ. "ಗಾಳಿ ಹಂಗಲ್ಲಕ್ಕ, ಎಲ್ಲಾ ಕಡಿಗೂ ಒಂದೇ ಸಮ ಒತ್ತತೈತಿ. ಹಲಗಿನ ಅಚ್ಚಿನ ಸಮೇತ ಪ್ಲಾಸ್ಟಿಕ್ ಚೀಲದಾಗ ಇಟ್ಟು ಒಳಗಿನ ಗಾಳಿ ಎಲ್ಲಾ ಎಳದ್ರ, ಹೊರಗಿನ ಗಾಳಿ ತಾನೇ ಬಂದು ಅಮುಕತೈತಿ. ಹಳೇ ಫ್ರಿಜ್ಜಿನ ಕಂಪ್ರೆಸರ್ ಐತಿ, ಅದು ಎಳೀತೈತಿ. ನೀನು ಚೀಲ ಒಂದು ಹೊಲಕೊಡು ಸಾಕು."

ಹೊಲಿದು ಕೊಟ್ಟೆ. ಡಬಲ್ ಹೊಲಿಗೆ, ಒಂದು ಎಳೆ ಆಚೀಚೆ ಇಲ್ಲ. ಚೀಲ ನೋಡಿ ನಗಲೋ ಅಳಲೋ ಎಂದು ನಿಂತ. "ಅಕ್ಕಾ, ಸೂಜಿ ಹೋದಲ್ಲೆಲ್ಲ ತೂತು ಬಿದ್ದೈತಲ್ಲ!" ಹೌದಲ್ಲವೇ! ಆಮೇಲೆ ಹೊಲಿಗೆಯ ಅಂಚನ್ನು ಕತ್ತರಿಸಿ, ಪೇಪರ್ ಹಾಸಿ, ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಅಂಟಿಸಿದೆವು. ಅಂಗಡಿಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ, ಗಿರಾಕಿಗಳ ರವಿಕೆಯೆಲ್ಲ ಬಾಕಿ. ನಾನೂ ಅವನ ಹುಚ್ಚಿಗೆ ಬಿದ್ದಿದ್ದೆ ಎಂದು ಈಗ ಅನ್ನಿಸುತ್ತದೆ.

ಇದರ ನಡುವೆಯೇ ನಾನು ಅವನಿಗೊಂದು ಸಂಬಂಧ ನೋಡಿದ್ದೆ. ಸೊರಬದ ಆಚೆ ಜಡೆ ಎಂಬ ಊರಿನಲ್ಲಿ ನನ್ನ ಸೋದರಮಾವ ನಿಂಗಪ್ಪನವರ ಮನೆ, ಅವರ ಮಗಳು ಗಿರಿಜಾ. ಹುಡುಗಿಗೆ ಇವನ ಫೋಟೋ ಒಪ್ಪಿಗೆಯಾಗಿತ್ತು. ಮಾವ ಅತ್ತೆ ಬಂದು ಮನೆ ನೋಡಿಕೊಂಡು ಹೋಗುವುದೊಂದೇ ಬಾಕಿ. ಗೌರಮ್ಮ ನನ್ನ ಕೈ ಹಿಡಿದು, "ಇದೂ ತಪ್ಪಿದ್ರ ಇನ್ನು ಯಾರೂ ಈ ಕಡಿ ತಲಿ ಹಾಕಲ್ಲ" ಅಂದರು. ತವರಿನ ಕಡೆ ನನ್ನ ಮಾತು ಉಳಿಯಬೇಕಲ್ಲ. "ಅವತ್ತೊಂದು ದಿನ ಮನುಷ್ಯನ ಹಾಗೆ ಇರು. ಏನನ್ನೂ ಬಡೀಬೇಡ" ಎಂದು ತಾಕೀತು ಮಾಡಿದೆ. ಹೂಂ ಅಂದ.

ಆದರೆ ಅದೇ ವಾರ ಹೊಟ್ಟು ಸಾಗಿಸಲು ಲಾರಿ ಬರುತ್ತದೆಂದು ಮಿಲ್ಲಿನವರು ಹೇಳಿಬಿಟ್ಟರು. ಬೀಗರು ಬರುವುದು ಮಧ್ಯಾಹ್ನದ ಬಸ್ಸಿಗೆ, ಅವತ್ತು ಬೆಳಿಗ್ಗೆಯೇ ಹಲಗೆ ಒತ್ತುವ ಕೆಲಸ ಮುಗಿಸಿಬಿಡಬಹುದು ಎಂದು ಇವನ ಲೆಕ್ಕ. ನಾನು ಗೌರಮ್ಮನ ಅಡುಗೆಮನೆಯಲ್ಲಿ ಹೋಳಿಗೆಗೆ ಕಣಕ ನಾದಿ, ಎಣ್ಣೆಯಲ್ಲಿ ನೆನೆಯಲು ಇಟ್ಟಿದ್ದೆ. ಹಿತ್ತಲಲ್ಲಿ ಕಂಪ್ರೆಸರ್ ಗುರ್ರ್ ಎನ್ನುತ್ತಿತ್ತು. ಚೀಲ ಹಲಗೆಗೆ ಚರ್ಮದ ಹಾಗೆ ಅಂಟಿಕೊಂಡಿತ್ತು. ಆಗ ಕರೆಂಟು ಹೋಯಿತು. ಅದೇ ಗಳಿಗೆಗೆ ಮುಂಬಾಗಿಲಲ್ಲಿ, "ಸರೋಜಾ, ಬೆಳಗಿನ ಬಸ್ಸೇ ಸಿಕ್ತು ಮಾರಾಯ್ತಿ!" ಎಂಬ ಮಾವನ ದನಿ.

ನಾನು ಕೈಯೊರೆಸಿಕೊಂಡು ಹಿತ್ತಲಿಗೆ ಓಡಿದೆ.

ಹಾಳೆಗಳಿಗೆ ಅಂಟು ಸವರಿಯಾಗಿತ್ತು, ಇನ್ನು ಅದು ಯಾರಿಗೂ ಕಾಯುವುದಿಲ್ಲ. ಮುರುಗೇಶ ಸೈಕಲ್ ಪಂಪು ತಂದ. ಅದರೊಳಗಿನ ಚರ್ಮದ ವಾಷರನ್ನು ಅವನು ಮೊದಲೇ ಉಲ್ಟಾ ತಿರುಗಿಸಿ ಇಟ್ಟಿದ್ದ, ಹಾಗಾಗಿ ಅದು ಗಾಳಿ ತುಂಬುವ ಬದಲು ಎಳೆಯುತ್ತಿತ್ತು. ಬನಿಯನ್ನು, ಲುಂಗಿ, ಮೊಣಕೈವರೆಗೆ ಅಂಟು. ಮಾವ ಅತ್ತೆ ಹಿತ್ತಲಿಗೇ ಬಂದರು. ನಾನು ಹಲ್ಲು ಕಚ್ಚಿ, "ಏಳೋ, ಕೈ ತೊಳಕೊಂಡು ನಮಸ್ಕಾರ ಮಾಡೋ" ಅಂದೆ. ಅವನು ಕೂತಲ್ಲಿಂದಲೇ ತಲೆ ಬಾಗಿಸಿ, "ಶರಣ್ರೀ ಮಾವಾರೇ. ಕೈ ಬಿಟ್ರ ಗಾಳಿ ಒಳಗ ಹೋಗತೈತ್ರಿ. ದಯವಿಟ್ಟು ಕುಂದರ್ರಿ" ಎಂದು ಪಂಪು ಎಳೆಯುತ್ತಲೇ ಇದ್ದ. ಗೌರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಮಾವ ಕೂರಲಿಲ್ಲ. ಅಚ್ಚಿನ ಸುತ್ತ ಒಂದು ಸುತ್ತು ಬಂದರು. "ಎಂತ ಮಾರಾಯ ಇದು?"

ಮುರುಗೇಶ ಏದುಸಿರು ಬಿಡುತ್ತ ಹಿಮ, ಹಲಗೆ, ಗಾಳಿ, ಹೊಟ್ಟು ಎಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಅಷ್ಟರಲ್ಲಿ ಚೀಲದ ಮೂಲೆಯಲ್ಲಿ ಸುಯ್ ಎಂದು ಸದ್ದು. ಎಲ್ಲೋ ಬಿರುಕು ಬಿಟ್ಟಿತ್ತು, ಚೀಲ ಸಡಿಲವಾಗತೊಡಗಿತು. ಅವನ ಮುಖ ನೋಡಲಾಗುತ್ತಿರಲಿಲ್ಲ. ಅತ್ತೆ ಒಂದು ಕ್ಷಣ ನೋಡಿದರು, ಸರಸರನೆ ಅಡುಗೆಮನೆಗೆ ಹೋದರು, ನಾನು ನಾದಿಟ್ಟಿದ್ದ ಕಣಕವನ್ನು ಬಟ್ಟಲ ಸಮೇತ ತಂದು ಆ ಮೂಲೆಗೆ ಮೆತ್ತಿದರು. "ಹಬೆ ಹೋಗೋ ಪಾತ್ರೆಗೆ ನಾವು ಹಿಟ್ಟು ಮೆತ್ತದಿಲ್ವನ?" ಸದ್ದು ನಿಂತಿತು. ಮಾವ ಶರ್ಟಿನ ತೋಳು ಮಡಿಚಿ, "ಸಾಕು, ನೀನು ದಣಿದಿ. ಕೊಡು ಇಲ್ಲಿ" ಎಂದು ಪಂಪು ಕಸಿದುಕೊಂಡರು.

ಕರೆಂಟು ಬರುವ ತನಕ ಮಾವ, ಮುರುಗೇಶ, ಆಮೇಲೆ ನಾನೂ ಸರದಿಯಲ್ಲಿ ಎಳೆದೆವು. ಕಣಕವೆಲ್ಲ ಚೀಲಕ್ಕೆ ಹೋಗಿದ್ದರಿಂದ ಬೀಗರಿಗೆ ಬರೀ ಹೂರಣವನ್ನೇ ತುಪ್ಪ ಹಾಕಿ ಬಡಿಸಿದೆವು. ಮಾವ ಎರಡು ಸಲ ಹಾಕಿಸಿಕೊಂಡರು. ಆದರೆ ಸಂಬಂಧದ ಬಗ್ಗೆ ಒಂದು ಮಾತಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ತಡೆಯಲಾರದೆ ಕೇಳಿದೆ. "ಮಾವಾ, ಬೇಜಾರಾಯ್ತಾ? ನೀವು ಬಂದಾಗ ಎದ್ದು ನಿಲ್ಲಲೂ ಇಲ್ಲ ಅವನು."

"ಎದ್ದಿದ್ರೆ ನಾನು ಇನ್ನೊಂದು ಮನೆ ನೋಡ್ತಿದ್ದೆ," ಅಂದರು ಮಾವ. "ನಮ್ಮನ್ನ ಕಂಡು ಪಂಪು ಬಿಟ್ಟು ಓಡಿ ಬರೋನು, ನಾಳೆ ಮತ್ಯಾರನ್ನೋ ಕಂಡು ನನ್ನ ಮಗಳ ಕೈನೂ ಬಿಟ್ಟಾನು. ಇವ್ನು ಬಿಡದಿಲ್ಲ." ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಹಲಗೆ ಜಾರೋ ದಿನ ಹೇಳಿ ಕಳ್ಸು. ರಟ್ಟೆ ಬಿದ್ದು ಹೋಗೋ ಹಂಗೆ ಎಳ್ದಿದೀನಿ!"

ಹಲಗೆಯನ್ನು ಚೀಲದಿಂದ ತೆಗೆದು ಬಡಿದಾಗ ಎಲ್ಲ ಕಡೆಯೂ ಒಂದೇ ಗಟ್ಟಿ ಸದ್ದು. ಮುರುಗೇಶ ನನ್ನ ಕೈ ಹಿಡಿದು ನನ್ನ ಗೆಣ್ಣಿನಿಂದಲೂ ಬಡಿಸಿದ. ಲಾರಿ ಬರುವ ಹಿಂದಿನ ದಿನ ಮಾವ ಗಿರಿಜೆಯನ್ನೂ ಕರೆದುಕೊಂಡೇ ಬಂದರು. ಹಳೇ ಚಪ್ಪಲಿಗಳನ್ನು ಹಲಗೆಗೆ ಸ್ಕ್ರೂ ಹಾಕಿ ಬಿಗಿದುಕೊಂಡಿದ್ದ ಮುರುಗೇಶ ಗುಡ್ಡೆಯ ನೆತ್ತಿಯಿಂದ ಹೊರಟ. ಜಾರಿದ! ಅರ್ಧದಾರಿಯಲ್ಲಿ ಒಂದು ತಿರುವನ್ನೂ ತೆಗೆದ. ಬುಡದಲ್ಲಿ ನಿಲ್ಲಿಸುವುದು ಹೇಗೆಂದು ಮಾತ್ರ ಯೋಚಿಸಿರಲಿಲ್ಲ, ಹೊಟ್ಟಿನೊಳಗೆ ಮಾಯವಾದ. ಮೈಯೆಲ್ಲ ಹೊಟ್ಟು ಮೆತ್ತಿಕೊಂಡು ಎದ್ದವನನ್ನು ನೋಡಿ ಗಿರಿಜಾ ನಕ್ಕಳು ನೋಡಿ, ನಾನು ಆಗಲೇ ಮನಸ್ಸಿನಲ್ಲಿ ಧಾರೆ ಸೀರೆಗೆ ರವಿಕೆ ಅಳತೆ ತೆಗೆದುಕೊಂಡುಬಿಟ್ಟೆ.

ಮುಂದಿನ ವರ್ಷಗಳಲ್ಲಿ ಆ ಹಲಗೆಯ ಮೇಲೆ ಗೌರಮ್ಮ ಸಂಡಿಗೆ ಒಣಗಿಸಿದರು, ಮಕ್ಕಳು ಜಾರಿದರು. ಮಕ್ಕಳು ದೊಡ್ಡವರಾದ ಮೇಲೆ ಗಂಡಹೆಂಡತಿ ಕೇದಾರ ಯಾತ್ರೆಗೆ ಹೊರಟರು. ಬಸ್ಸಿನವರು ಬೈದರೂ ಕೇಳದೆ ಮುರುಗೇಶ ಹಲಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಏರಿಸಿದ. "ಈ ವಯಸ್ಸಿಗೆ ಸೊಂಟ ಮುರಕೋತೀಯ ಕಣೋ" ಅಂದೆ. "ಜಾರೋದು ನಾನಲ್ಲಕ್ಕ" ಎಂದು ನಕ್ಕ. ಯಾರು ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟಿತು.

ಅವರು ಯಾತ್ರೆ ಮುಗಿಸಿ ಬರುವಷ್ಟರಲ್ಲಿ ನಾವು ಮಗಳ ಬಾಣಂತನಕ್ಕೆಂದು ಊರು ಬಿಟ್ಟಿದ್ದೆವು. ನಾನು ವಾಪಸು ಬರುವ ಮೊದಲೇ ಅವನು ಹೋಗಿಬಿಟ್ಟ. ನಿದ್ದೆಯಲ್ಲೇ ಎದೆಬಡಿತ ನಿಂತಿತಂತೆ. ಸುದ್ದಿ ಕೇಳಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅವನ ಅಂಗಡಿಯಲ್ಲಿ ಈಗ ಮೊಬೈಲು ಮಾರುತ್ತಾರೆ, ನಡುವಿನ ಗೋಡೆ ಹಾಗೆಯೇ ಇದೆ. ಆ ಕಡೆಯಿಂದ ಯಾರೂ ಬಡಿಯುವುದಿಲ್ಲ.

ಕೇದಾರದ ಕತೆಯನ್ನು ಗಿರಿಜೆಯೇ ಹೇಳಿದಳು. ಹಲಗೆಗೂ ಒಂದು ಕುದುರೆ ಬಾಡಿಗೆ ಹಿಡಿದನಂತೆ. ದೇವರ ದರ್ಶನ ಮುಗಿಸಿ, ಗುಡಿಯಿಂದ ಆಚೆ ಹಿಮ ಉಳಿದಿದ್ದ ಇಳಿಜಾರಿಗೆ ಅವಳನ್ನು ಕರೆದುಕೊಂಡು ಹೋಗಿ, ಹಲಗೆ ಇಟ್ಟು, "ಇದರ ಗಾಳಿ ಎಳೆದೋರು ನಿಮ್ಮಪ್ಪ. ಅವರು ಅವತ್ತು ಪಂಪು ಹಿಡೀದಿದ್ರ ಈ ಹಲಗಿನೂ ಇಲ್ಲ, ನೀನೂ ಇಲ್ಲ. ಮೊದಲು ಜಾರೋಕಿ ನೀನು, ಕುಂದ್ರು" ಅಂದನಂತೆ. ಸೀರೆ ಸಿಕ್ಕಿಸಿಕೊಂಡು, ಸ್ವೆಟರ್ ಹಾಕಿಕೊಂಡು ಗಿರಿಜಾ ಕೂತೇ ಜಾರಿದಳು. ಕಿರುಚುತ್ತಾ, ನಗುತ್ತಾ ಬುಡಕ್ಕೆ ಹೋಗಿ ನಿಂತು ತಿರುಗಿ ನೋಡಿದರೆ, ಮೇಲೆ ಗಂಡ ಮಂಡಿಯೂರಿ ಕೂತು ಹಿಮವನ್ನು ಬಡಿಯುತ್ತಿದ್ದಾನೆ. ಕಿವಿ ಇಟ್ಟು ಕೇಳಿದ. ಇನ್ನೊಮ್ಮೆ ಬಡಿದ. ಆಮೇಲೆ ಗುಡ್ಡವೆಲ್ಲ ಕೇಳುವ ಹಾಗೆ ಕೂಗಿದನಂತೆ:

"ಗಿರಿಜೀ, ಇದರಾಗ ಬರೇ ಗಾಳಿ ಐತಲ್ಲೇ! ನಮ್ಮ ಮಿಲ್ಲಿನ ಹೊಟ್ಟೇ ವಾಸಿ!"