ಇಪ್ಪತ್ಮೂರು ಬೇಡವೆಂದ ಹುಡುಗಿ

ಪ್ರೊಫೆಸರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇಪ್ಪತ್ಮೂರು. ತಗೋತೀರಾ?" ಎಂದು ಕೇಳಿದರು.

ನಮ್ಮಲ್ಲಿ ಕಾಲೇಜಿನ ಪರೀಕ್ಷೆ ಎಂದರೆ ಹೀಗೆಯೇ. ಎದುರು ಕೂರಿಸಿಕೊಂಡು ಬಾಯಲ್ಲಿ ಕೇಳುತ್ತಾರೆ, ಬಾಯಲ್ಲೇ ಹೇಳಬೇಕು. ಸರದಿ ಕಾಯುವವರು ಹಿಂದಿನ ಬೆಂಚುಗಳಲ್ಲಿ ಕೂತು, ಮುಂದಿನವನಿಗೆ ಯಾವ ಪ್ರಶ್ನೆ ಬಿತ್ತು ಎಂದು ಗೀಚಿಕೊಳ್ಳುತ್ತಿರುತ್ತಾರೆ. ಕೊನೆಗೆ ಅಂಕ ಹೇಳಿ, ಬೇಕೋ ಬೇಡವೋ ಎಂದು ತರಕಾರಿ ಅಂಗಡಿಯವರು ಕೇಳಿದ ಹಾಗೆ ಕೇಳುತ್ತಾರೆ. ಹದಿನೆಂಟಕ್ಕೆ ಪಾಸು, ಮೂವತ್ತಕ್ಕೆ ಪೂರ್ಣ. ಒಪ್ಪಿಕೊಂಡರೆ ಆ ಅಂಕ ಜನ್ಮಕ್ಕಂಟಿತು. ಬೇಡವೆಂದರೆ ಇನ್ನೊಂದು ಸಲ ಬಂದು ಮೊದಲಿಂದ ಎಲ್ಲ ಒಪ್ಪಿಸಬೇಕು. ಈ ಬೇಡವೆನ್ನುವ ಹಕ್ಕೊಂದು ಇಲ್ಲದಿದ್ದರೆ ನಮ್ಮ ದೇಶದಲ್ಲಿ ಎಷ್ಟೋ ಜನ ಎರಡು ವರ್ಷ ಮೊದಲೇ ಡಿಗ್ರಿ ಮುಗಿಸಿ ಮನೆಗೆ ಹೋಗಿರುತ್ತಿದ್ದರು.

ಸಿವಿಲ್ ಕಾನೂನಿನ ಪರೀಕ್ಷೆಗೆ ಕೂತಿದ್ದ ಇಲೇನಿಯಾ "ಬೇಡ" ಎಂದಳು. ಯೋಚಿಸಿ ಹೇಳಿದ್ದಲ್ಲ. ಹೈಸ್ಕೂಲು ಮುಗಿಯುವವರೆಗೆ ಹತ್ತಕ್ಕೆ ಒಂಬತ್ತರ ಕೆಳಗೆ ಇಳಿಯದವಳು. ಬೆನ್ನ ಹಿಂದೆ ಹದಿನೈದು ಜನ ಕಿವಿ ನೆಟ್ಟುಕೊಂಡು ಕೂತಿದ್ದರು. ಬಾಯಿ ತನ್ನಷ್ಟಕ್ಕೆ ಬೇಡ ಎಂದಿತು. ಪ್ರೊಫೆಸರರು ಭುಜ ಕುಣಿಸಿ ಮುಂದಿನವರನ್ನು ಕರೆದರು.

ಹೊರಗೆ ಬೊಲೋನ್ಯಾದ ಕಮಾನು ಸಾಲಿನ ಕೆಳಗೆ ಜನವರಿಯ ಚಳಿ. ಅಪ್ಪನಿಗೆ ಫೋನು ಮಾಡಿದಳು. ಅಪ್ಪ ನಿಕಾಂದ್ರೋ, ದೂರದ ದಕ್ಷಿಣದ ಮೊಲೀಸೆ ಸೀಮೆಯ ಗುಡ್ಡದ ಮೇಲಿನ ನಮ್ಮೂರಲ್ಲಿ ಕ್ಷೌರದ ಅಂಗಡಿ ಇಟ್ಟವನು. ಎರಡೂ ಕೈ ಸದಾ ಯಾರದಾದರೂ ತಲೆಯ ಮೇಲೆ ಇರುವುದರಿಂದ ಅವನ ಫೋನು ಯಾವಾಗಲೂ ಸ್ಪೀಕರಿನಲ್ಲಿ ಮಾತಾಡುತ್ತದೆ. ಎಷ್ಟು ಬಂತು ಎಂದು ಅವನು ಕೇಳಿದ. ಕೂದಲು ಕತ್ತರಿಸುವ ಯಂತ್ರದ ಗುರ್ರೆನ್ನುವ ಸದ್ದು ಥಟ್ಟನೆ ನಿಂತಿತು. ಅಂಗಡಿಯ ನಾಲ್ಕು ಕುರ್ಚಿಯಲ್ಲಿ ಕೂತವರು ಉಸಿರು ಬಿಗಿಹಿಡಿದದ್ದು ಅವಳಿಗೆ ಕೇಳಿಸಿತು. ಬೇಡವೆಂದ ಅದೇ ಬಾಯಿ ಈಗ "ಮೂವತ್ತು" ಎಂದಿತು.

ಆ ಕಡೆ ಚಪ್ಪಾಳೆ ಬಿತ್ತು. ನಿವೃತ್ತ ಅಂಚೆಯವನು ಎರ್ಮಿನಿಯೋ, ನಮ್ಮ ವಕೀಲಮ್ಮ ಎಂದು ಕೂಗಿದ. ಇಲೇನಿಯಾ ಫೋನಿಟ್ಟು ಹಾಸ್ಟೆಲಿಗೆ ಹೋಗಿ ಶೂ ಬಿಚ್ಚದೆ ಮಲಗಿದಳು. ನಾಚಿಕೆಯಾಗಬೇಕಿತ್ತು, ಭಯವಾಗಬೇಕಿತ್ತು. ಏನೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಮೈಮನಸ್ಸೆಲ್ಲ ಮರಗಟ್ಟಿತ್ತು. ಇನ್ನೊಂದು ವಾರಕ್ಕೆ ರಾತ್ರಿ ಬಸ್ಸಿನಲ್ಲಿ ಅಂಗಡಿಯವರ ಲೆಕ್ಕದಲ್ಲಿ ಒಂದು ಡಬ್ಬ ಬಂತು. ಅದರಲ್ಲಿ ಚೀಸಿನ ಗಡ್ಡೆ, ಒಣ ಸಾಸೇಜು, ಎರ್ಮಿನಿಯೋನ ಹೆಂಡತಿ ಮಾಡಿದ ಬಾದಾಮಿ ಬಿಸ್ಕತ್ತು. ಇಲೇನಿಯಾ ಎಲ್ಲವನ್ನೂ ತಿಂದಳು. ಉಪ್ಪೋ ಸಿಹಿಯೋ ಗೊತ್ತಾಗಲಿಲ್ಲ.

ದಡ್ಡ ಹುಡುಗಿಯೇನಲ್ಲ. ಅವಳು ಓದುತ್ತಿದ್ದ ಕ್ರಮವೇ ಬೇರೆ, ಅಷ್ಟೆ. ತಾಯಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾಳಿ ಕೆಲಸ, ಮನೆಯಲ್ಲಿ ಕೈಗೆ ಸಿಗುವುದೇ ಅಪರೂಪ. ಹಾಗಾಗಿ ಹುಡುಗಿ ಶಾಲೆ ಬಿಟ್ಟವಳೇ ಅಂಗಡಿಗೆ ಬರುತ್ತಿದ್ದಳು. ಕನ್ನಡಿಯ ಪಕ್ಕ ನಿಂತು ಪಾಠವನ್ನು ಗಟ್ಟಿಯಾಗಿ ಒಪ್ಪಿಸುವುದು. ನಮ್ಮ ಕಡೆ ಮಕ್ಕಳೆಲ್ಲ ಹಾಗೇ ಓದುವುದು, ಯಾರದಾದರೂ ಕಿವಿಗೆ ಪಾಠ ಸುರಿದು. ಆದರೆ ನಿಕಾಂದ್ರೋನ ಕಿವಿ ಎಲ್ಲರ ಕಿವಿಯಂಥದಲ್ಲ. ಐದನೇ ಕ್ಲಾಸು ಓದಿದವನಿಗೆ ಲ್ಯಾಟಿನ್ನೂ ಒಂದೇ, ರಸಾಯನವೂ ಒಂದೇ. ಮಗಳ ಮುಖವನ್ನು ಮಾತ್ರ ಕನ್ನಡಿಯಲ್ಲಿ ನೋಡುತ್ತಿದ್ದ. ಅರ್ಥವಾಗದೆ ತುಟಿ ಮಾತ್ರ ಓಡುತ್ತಿದೆ ಎಂದು ಕಂಡ ಕೂಡಲೇ ಕತ್ತರಿ ಎತ್ತಿ, ಇನ್ನೊಂದ್ಸಲ ಎನ್ನುತ್ತಿದ್ದ. ಒಮ್ಮೆಯೂ ತಪ್ಪಿದ್ದಿಲ್ಲ. ಕ್ಷೌರಕ್ಕೆ ಬಂದವರೂ ಐದು ವರ್ಷ ಕೇಳಿ ಕೇಳಿ ಯುದ್ಧಗಳ ಇಸವಿಯನ್ನೆಲ್ಲ ಕಲಿತಿದ್ದರು.

ಬೊಲೋನ್ಯಾದಲ್ಲಿ ಸುರಿಯಲು ಕಿವಿ ಇರಲಿಲ್ಲ. ಕೋಣೆಯ ಜೊತೆಗಾತಿ ಬೆರ್ಗಮೋದ ಬೆನೆದೆಟ್ಟಾ ಎಂಬ ರಸಾಯನಶಾಸ್ತ್ರದ ಹುಡುಗಿ. ಕೆಟ್ಟವಳಲ್ಲ, ಆದರೆ ಮೊದಲ ವಾರವೇ ಕೈಮುಗಿದಳು. "ಲೇ, ನೀನು ಬಾಯಿ ತೆಗೆದ್ರೆ ನನ್ನ ತಲೇಲಿರೋದೆಲ್ಲ ಖಾಲಿ ಆಗತ್ತೆ ಕಣೇ. ಮನಸ್ಸಲ್ಲೇ ಓದ್ಕೊಳ್ಳೋಕೆ ಆಗಲ್ವಾ?" ಗ್ರಂಥಾಲಯದಲ್ಲಿ ಕೆಮ್ಮಿದರೂ ತಿರುಗಿ ನೋಡುತ್ತಾರೆ. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಗೆ ಹೋಗಿ ತಿರುಗುವ ಯಂತ್ರದ ಮುಂದೆ ಒಪ್ಪಿಸಿ ನೋಡಿದಳು. ಯಂತ್ರ ಎಲ್ಲವನ್ನೂ ಒಪ್ಪಿಕೊಂಡಿತು, ಇನ್ನೊಂದು ಸಲ ಎನ್ನಲಿಲ್ಲ. ಸಹಪಾಠಿಗಳು ಸಾಲುಗಳಿಗೆ ಬಣ್ಣ ಬಳಿಯುತ್ತಿದ್ದರು, ಇವಳೂ ಬಳಿದಳು. ಹಕ್ಕುಗಳಿಗೆ ಹಳದಿ, ಕರ್ತವ್ಯಕ್ಕೆ ಹಸಿರು, ಗಡುವಿಗೆ ಗುಲಾಬಿ. ಆರುನೂರು ಪುಟದ ಸಿವಿಲ್ ಕಾನೂನಿನ ಪುಸ್ತಕ ಹೋಳಿಯಾಡಿ ಬಂದಂತೆ ಆಯಿತು. ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ಒಳಗೆ ಏನೂ ಇಳಿಯುತ್ತಿರಲಿಲ್ಲ.

ಹಾಗಾದರೆ ಅಪ್ಪನಿಗೇ ಫೋನಿನಲ್ಲಿ ಒಪ್ಪಿಸಬಹುದಿತ್ತಲ್ಲ? ಅಲ್ಲೇ ಸಿಕ್ಕು. ಮೂವತ್ತು ಬಂದ ಪಾಠವನ್ನು ಯಾರಾದರೂ ಮತ್ತೆ ಒಪ್ಪಿಸುತ್ತಾರೆಯೇ? ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಕಿವಿ, ಆ ಕಿವಿಗೇ ಸುಳ್ಳು ಹೇಳಿ ಕೂತಿದ್ದಳು.

ಮಾರ್ಚಿನಲ್ಲಿ ಒಂದು ಸಣ್ಣ ಪರೀಕ್ಷೆ ಇಪ್ಪತ್ತಕ್ಕೆ ಪಾಸಾಯಿತು, ಅದನ್ನು ತೆಪ್ಪಗೆ ತಗೊಂಡಳು. ಮನೆಗೆ ಇಪ್ಪತ್ತೆಂಟು ಎಂದಳು. ಜೂನಿನಲ್ಲಿ ಸಿವಿಲ್ ಕಾನೂನಿಗೆ ಮತ್ತೆ ಹೋದಳು, ಎರಡನೇ ಪ್ರಶ್ನೆಗೆ ಮಾತು ನಿಂತು ಎದ್ದು ಬಂದಳು. ಆಗಸ್ಟ್ ಹತ್ತರೊಳಗೆ ಇಪ್ಪತ್ತು ಕ್ರೆಡಿಟ್ ತೋರಿಸದಿದ್ದರೆ ವಿದ್ಯಾರ್ಥಿವೇತನವೂ ಹೋಯಿತು, ಹಾಸ್ಟೆಲಿನ ಮಂಚವೂ ಹೋಯಿತು. ಕೈಯಲ್ಲಿದ್ದದ್ದು ಒಂಬತ್ತು. ಉಳಿದಿದ್ದು ಜುಲೈ ಇಪ್ಪತ್ತರ ಕೊನೆಯ ಅವಕಾಶ, ಅದೂ ಸಿವಿಲ್ ಕಾನೂನು. ಅದು ದಾಟಿದರೆ ಕಾಲೇಜು ಉಂಟು, ಇಲ್ಲದಿದ್ದರೆ ಊರಿಗೆ ಗಂಟುಮೂಟೆ. ಇದೆಲ್ಲ ಇನ್ನಾರದೋ ವಿಷಯವೆಂಬಂತೆ ಅವಳು ಜುಲೈ ಮೊದಲ ವಾರ ರೈಲು ಹತ್ತಿ ಮನೆಗೆ ಬಂದಳು. ಕೋಣೆಯಲ್ಲಿ ಸೆಕೆ, ಓದಲು ಬಂದೆ ಎಂದಳು. ಯಾವ ವಿಷಯ ಎಂದು ಹೇಳಲಿಲ್ಲ.

ಅಂಗಡಿಯಲ್ಲಿ ರಾಜಮರ್ಯಾದೆ. ಎರ್ಮಿನಿಯೋ ಎದ್ದು ಕುರ್ಚಿ ಬಿಟ್ಟುಕೊಟ್ಟ. ಅಪ್ಪ ಮುಖಕ್ಕೆ ಸೋಪು ಹಚ್ಚುತ್ತಿದ್ದ ಗಿರಾಕಿ, ಜೇನು ಸಾಕುವ ಕ್ವಿಂತೀನೋ. ಅರ್ಧ ಮುಖದಲ್ಲಿ ನೊರೆ ಇಟ್ಟುಕೊಂಡೇ ಅವನು ಇವಳ ಕಡೆ ತಿರುಗಿದ.

"ವಕೀಲಮ್ಮ, ಒಂದು ಮಾತು. ಇವತ್ತು ಬೆಳಿಗ್ಗೆ ನನ್ನದೊಂದು ಹಿಂಡು ಪೆಟ್ಟಿಗೆ ಬಿಟ್ಟು ಎದ್ಬಿಡ್ತು. ಓರ್ಲಾಂದೋ ತೋಟದ ಚೆರ್ರಿ ಮರಕ್ಕೆ ಹೋಗಿ ಕಟ್ಕೊಂಡಿದೆ. ಆ ಮನುಷ್ಯನ ಮುಖ ನೋಡೋಕೂ ನನಗಿಷ್ಟ ಇಲ್ಲ. ಈಗ ಹಿಂಡು ಯಾರ್ದು?"

ಪುಸ್ತಕದಲ್ಲಿ ಆ ಸಾಲು ಇತ್ತು. ಅದಕ್ಕೆ ಬಣ್ಣ ಬಳಿದದ್ದು ನೆನಪಾಯಿತು, ಪುಟದ ಎಡಗಡೆ, ಮೇಲುಗಡೆ. ಹಳದಿ ನೆನಪಿತ್ತು. ಗುಲಾಬಿಯೂ ಇತ್ತೇನೋ. ಆದರೆ ಬಣ್ಣದ ಕೆಳಗೆ ಏನು ಬರೆದಿತ್ತು ಎಂಬುದು ಮಾತ್ರ ಇಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಮೂವತ್ತು ತಗೊಂಡವಳು ಗೊತ್ತಿಲ್ಲ ಎನ್ನುವುದು ಹೇಗೆ?

"ನಿಮ್ದೇ," ಎಂದಳು. "ಒಡೆತನ ಎಲ್ಲಿಗೂ ಹೋಗಲ್ಲ. ಅವಸರ ಏನಿಲ್ಲ, ಪುರಸೊತ್ತಾದಾಗ ಹೋಗಿ ತಗೊಳ್ಳಿ."

ಅಪ್ಪ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಕತ್ತಿ ಎತ್ತಿದ ಕೈ ಒಂದು ಗಳಿಗೆ ಹಾಗೇ ನಿಂತಿತು. ಆದರೆ ಇನ್ನೊಂದ್ಸಲ ಎನ್ನಲಿಲ್ಲ, ಕ್ವಿಂತೀನೋನ ಕೆನ್ನೆಗೆ ಕತ್ತಿ ಇಟ್ಟ.

ಕ್ವಿಂತೀನೋ ನಿಶ್ಚಿಂತೆಯಿಂದ ಮೂರು ದಿನ ಹುಲ್ಲು ಕೊಯ್ದ. ನಾಲ್ಕನೇ ದಿನ ಖಾಲಿ ಪೆಟ್ಟಿಗೆ ಹೊತ್ತು ಓರ್ಲಾಂದೋ ತೋಟಕ್ಕೆ ಹೋದರೆ ಹಿಂಡು ಅವನ ಹೊಸ ಪೆಟ್ಟಿಗೆಯಲ್ಲಿ ಗುಂಯ್‌ಗುಡುತ್ತಿತ್ತು. ಓರ್ಲಾಂದೋ ಪುರಸಭೆಯ ಕಾರ್ಯದರ್ಶಿಯನ್ನು ಕೇಳಿ ಕಾನೂನಿನ ಪ್ರತಿ ತರಿಸಿಟ್ಟುಕೊಂಡಿದ್ದ. ಹಿಂಡಿನ ಯಜಮಾನ ಬೇರೆಯವರ ಜಮೀನಿಗೂ ಬೆನ್ನಟ್ಟಿ ಹೋಗಬಹುದು, ಆದರೆ ಎರಡು ದಿನದೊಳಗೆ ಹೋಗದಿದ್ದರೆ ಜಮೀನಿನವನು ಇಟ್ಟುಕೊಳ್ಳಬಹುದು. ಕ್ವಿಂತೀನೋ ಆ ಕಾಗದ ಹಿಡಿದು ನೆಟ್ಟಗೆ ಅಂಗಡಿಗೆ ಬಂದ. ಬೈಯಲಿಲ್ಲ. ಕಾಗದವನ್ನು ಸೋಪಿನ ಬಟ್ಟಲ ಪಕ್ಕ ಇಟ್ಟು, ಮೂವತ್ತು ಕೊಟ್ಟವರು ಇದನ್ನ ಕೇಳಲಿಲ್ವೇನಮ್ಮ ಎಂದ. ಈ ವರ್ಷದ ಅತಿ ಬಲವಾದ ಹಿಂಡು ಅದಾಗಿತ್ತು ಎಂದೂ ಹೇಳಿದ.

ಅಪ್ಪ ಯಂತ್ರ ಆರಿಸಿದ. ಇಲೇನಿಯಾ ಕನ್ನಡಿಯ ಪಕ್ಕ ತಾನು ಐದು ವರ್ಷ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದಳು.

"ಮೂವತ್ತು ಬಂದಿರಲಿಲ್ಲ," ಎಂದಳು. "ಇಪ್ಪತ್ಮೂರು ಕೊಟ್ರು. ನಾನೇ ಬೇಡ ಅಂದೆ. ಇನ್ನೂ ಪಾಸಾಗಿಲ್ಲ. ಇಪ್ಪತ್ತನೇ ತಾರೀಕು ಆಗದಿದ್ರೆ ಕಾಲೇಜೂ ಇಲ್ಲ."

ಹೇಳಿ ಮುಗಿಸಿದಾಗಲೂ ಏನೂ ಅನ್ನಿಸಲಿಲ್ಲ. ತನ್ನ ದನಿ ಯಾರದೋ ವಿಳಾಸ ಓದಿದಂತೆ ಕೇಳಿಸಿತು. ಎರ್ಮಿನಿಯೋ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ, ಪಾಪ, ಹೆಂಡತಿಯ ಬಿಸ್ಕತ್ತು ನೆನಪಾಗಿರಬೇಕು. ಅಪ್ಪ ಕುರ್ಚಿಯಲ್ಲಿದ್ದವನ ಕುತ್ತಿಗೆಯ ಕೂದಲು ಬ್ರಷಿನಿಂದ ತೆಗೆದು, ಬಟ್ಟೆ ಕೊಡವಿ, ಅವನನ್ನು ಕಳಿಸಿದ. ಆಮೇಲೆ ಮಗಳ ಮುಖ ನೋಡದೆ, ಪುಸ್ತಕ ತಗೊಂಡು ಬಾ ಎಂದ.

ಹನ್ನೆರಡು ದಿನ ಅಂಗಡಿಯಲ್ಲಿ ಸಿವಿಲ್ ಕಾನೂನು ನಡೆಯಿತು. ಬೆಳಿಗ್ಗೆ ಎಂಟರಿಂದ ಒಂದು, ಮಧ್ಯಾಹ್ನದ ಮೇಲೆ ನಾಲ್ಕರಿಂದ ಏಳೂವರೆ. ಆಸ್ತಿ, ಕರಾರು, ವಾರಸುದಾರಿಕೆ, ನಷ್ಟ ಪರಿಹಾರ. ಕ್ವಿಂತೀನೋ ಎರಡು ದಿನ ಮುನಿಸಿಕೊಂಡು ಗಡ್ಡ ಬಿಟ್ಟ, ಮೂರನೇ ದಿನ ಬಂದು ಕೂತ. ತನ್ನ ಹಿಂಡಿನ ಕಲಮು ಬಂದಾಗ ಇವಳಿಗಿಂತ ಮುಂಚೆ ಅವನೇ ಒಪ್ಪಿಸಿಬಿಟ್ಟ. ಎಲ್ಲರೂ ನಕ್ಕರು, ಅಪ್ಪನೊಬ್ಬನನ್ನು ಬಿಟ್ಟು. ಪಾಠ ಸ್ವಲ್ಪಸ್ವಲ್ಪವಾಗಿ ಇಳಿಯತೊಡಗಿತು. ಆದರೆ ಒಂದು ಮಾತ್ರ ಹಳೆಯ ಹಾಗಿರಲಿಲ್ಲ. ಅಪ್ಪ ಕನ್ನಡಿಯಲ್ಲಿ ಇವಳ ಮುಖ ನೋಡುವುದನ್ನು ಬಿಟ್ಟಿದ್ದ. ಪುಸ್ತಕವನ್ನು ಎರ್ಮಿನಿಯೋನ ಕೈಗೆ ಕೊಟ್ಟು, ಸಾಲು ಸರಿ ಇದೆಯಾ ನೋಡು ಎನ್ನುತ್ತಿದ್ದ. ಅಂಚೆಯವನು ಕನ್ನಡಕ ಏರಿಸಿ ಬೆರಳಿಟ್ಟು ನೋಡಿ, ಸರಿ ಇದೆ ಎಂದ ಮೇಲೆಯೇ ಮುಂದಿನ ಪುಟ.

ಇಪ್ಪತ್ತನೇ ತಾರೀಕು ಅದೇ ಹಾಲ್, ಅದೇ ಮೇಜು. ಪ್ರೊಫೆಸರರು ನಲವತ್ತು ನಿಮಿಷ ಕೇಳಿದರು. ಜೇನಿನ ವಿಷಯ ಬರಲಿಲ್ಲ, ಬಂದದ್ದು ಕರಾರು ರದ್ದತಿ. ನಡುವೆ ಎರಡು ಕಡೆ ತೊದಲಿದಳು. ಕೊನೆಗೆ ಅವರು ಕನ್ನಡಕ ತೆಗೆದು, ಹತ್ತೊಂಬತ್ತು, ತಗೋತೀರಾ ಎಂದರು. ಜನವರಿಯಲ್ಲಿ ಇಪ್ಪತ್ಮೂರು ಬೇಡವೆಂದವಳು ಇವಳೇ ಎಂಬ ನೆನಪು ಅವರಿಗಿರಲಿಲ್ಲ. ಎಷ್ಟು ಜನ ಬೇಡ ಎಂದಿರುತ್ತಾರೋ. ಇಲೇನಿಯಾ ತಗೋತೀನಿ ಎಂದಳು.

ಹೊರಗೆ ಬಂದು ಫೋನು ಮಾಡಿದಳು. ಈ ಸಲ ಸ್ಪೀಕರ್ ಇರಲಿಲ್ಲ. ಅಪ್ಪ ಅಂಗಡಿಯ ಹೊರಗೆ ಬಂದು ಬೀದಿಯಲ್ಲಿ ನಿಂತು ಮಾತಾಡುತ್ತಿದ್ದ.

"ಪಾಸಾಯ್ತಪ್ಪ. ಹತ್ತೊಂಬತ್ತು. ತಗೊಂಡೆ."

ಆ ಕಡೆ ಒಂದು ಸ್ಕೂಟರು ದಾಟಿ ಹೋಯಿತು.

"ಒಳ್ಳೇದಾಯ್ತು," ಎಂದ ಅಪ್ಪ. ಆಮೇಲೆ, "ಕಂಪ್ಯೂಟರಲ್ಲಿ ಬರತ್ತಲ್ಲ ಅಂಕ, ಅದರದ್ದೊಂದು ಫೋಟೋ ತೆಗೆದು ಕಳಿಸು," ಎಂದ.

"ಅಂಗಡೀಲಿ ತೋರಿಸೋಕಾ? ಬಾಯಲ್ಲಿ ಹೇಳಿದ್ರೆ ನಂಬಲ್ವಾ ಅವ್ರು?"

"ಅವರು ನಂಬ್ತಾರೆ," ಎಂದ ನಿಕಾಂದ್ರೋ. ದನಿಯಲ್ಲಿ ಸಿಟ್ಟಿರಲಿಲ್ಲ, ತಪ್ಪು ಅವನದೇ ಎನ್ನುವ ಹಾಗಿತ್ತು. "ನನಗೇ ಆಗ್ತಿಲ್ಲ ಕಣಮ್ಮ."

ಇಲೇನಿಯಾಗೆ ನೋವಾಯಿತು. ಆರು ತಿಂಗಳಿಂದ ಎಲ್ಲಿ ಹೋಗಿತ್ತೋ, ಎಲ್ಲ ಒಟ್ಟಿಗೆ ಬಂದು ಎದೆಯಲ್ಲಿ ಕೂತಿತು. ಬಿಕ್ಕುವುದು ಅಪ್ಪನಿಗೆ ಕೇಳಬಾರದೆಂದು ಬೇಗ ಫೋನಿಟ್ಟಳು. ಕಾಲೇಜಿನ ಪುಟದಲ್ಲಿ ಅಂಕ ಕಾಣಿಸಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದು, ಹೆಸರು, ತಾರೀಕು, ಹತ್ತೊಂಬತ್ತು ಮೂರೂ ಸರಿಯಾಗಿ ಕಾಣುವಂತೆ ಚಿತ್ರ ತೆಗೆದು ಅಪ್ಪನಿಗೆ ಕಳಿಸಿದಳು.